ಗೈಡ್ ಕೂತ ಪೇಂಟ್ ಡಬ್ಬ

ಹೊನ್ನಾಳಿ ಬಸ್‌ಸ್ಟ್ಯಾಂಡಿನ ಹಿಂದೆ ನಮ್ಮಪ್ಪನದು ವೆಲ್ಡಿಂಗ್ ಅಂಗಡಿ. ನೀರಿನ ಟ್ಯಾಂಕು ಮಾಡುತ್ತಾನೆ. ಬೆಸುಗೆ ಸೋರುತ್ತದೋ ಏನೋ ನೋಡಲು ಹೊರಗೆ ಸುಣ್ಣ ಬಳಿದು ಒಳಗೆ ಸೀಮೆಎಣ್ಣೆ ಸವರುತ್ತಾನೆ. ಸೋರುವಲ್ಲಿ ಸುಣ್ಣದ ಮೇಲೆ ಕಲೆ ಮೂಡುತ್ತದೆ. ಅಕ್ಷರಕ್ಕಿಂತ ಮೊದಲು ನಾನು ಕಲಿತದ್ದು ಇದನ್ನು.

ನಮ್ಮ ಮನೆಯಲ್ಲಿ ಡಿಗ್ರಿ ಮುಗಿಸಿದ ಮೊದಲನೆಯವಳು ನಾನು. ಪಿಎಚ್.ಡಿ.ಗೆ ಸೇರಿದ ಪ್ರಯೋಗಾಲಯದಲ್ಲಿ ಆಳೆತ್ತರದ ಉಕ್ಕಿನ ಪಾತ್ರೆಯಿತ್ತು. ಅದರ ಗಾಳಿಯನ್ನೆಲ್ಲ ಎಳೆದು, ಚೂರು ಅನಿಲ ಬಿಟ್ಟು, ವಿದ್ಯುತ್ತು ಹರಿಸಿ ಅದನ್ನು ಹೊಳೆಯುವ ಪ್ಲಾಸ್ಮಾ ಮಾಡಿ, ಅಯಸ್ಕಾಂತದಿಂದ ತಿರುಗಿಸಬೇಕು. ಕಪ್ಪುಕುಳಿಯ ಸುತ್ತ ತಟ್ಟೆಯಂತೆ ಸುತ್ತುವ ಅನಿಲ ಸುಮ್ಮನೆ ಒಳಗೆ ಬೀಳುವುದಿಲ್ಲ. ತನ್ನ ತಿರುಗುವ ರಭಸವನ್ನು ಹೊರಗಿನ ಅನಿಲಕ್ಕೆ ದಾಟಿಸಿದ ಮೇಲೆಯೇ ಒಳಗೆ ಜಾರುತ್ತದೆ. ಅದು ದಾಟುವ ಬಗೆಯನ್ನು ಈ ಪಾತ್ರೆಯಲ್ಲಿ ನೋಡುವುದೇ ನನ್ನ ಥೀಸಿಸ್.

ಮೊದಲ ತಿಂಗಳೇ ಪಾತ್ರೆ ಸೋರಿತು. ಯಾರನ್ನೂ ಕೇಳದೆ ಸುಣ್ಣ, ಸೀಮೆಎಣ್ಣೆ ತಂದೆ. ಒಳಗೆ ಹತ್ತಿದ ಎಣ್ಣೆ ಆವಿಯಾಗುತ್ತಲೇ ಇದ್ದು ವಾರಗಟ್ಟಲೆ ನಿರ್ವಾತ ನಿಲ್ಲಲಿಲ್ಲ. ತಪ್ಪು ನನ್ನದೇ. ಆದರೆ ನನ್ನ ಪಿಎಚ್.ಡಿ. ಗೈಡ್ ಎಲ್ಲರೆದುರು, "ಇದು ನಿಮ್ಮಪ್ಪನ ಟ್ಯಾಂಕ್ ಅಂಗಡಿ ಅಲ್ಲಮ್ಮ. ಪಾತ್ರೆ ಮುಟ್ಟಬೇಡ, ಕೇಬಲ್ ಸುತ್ತಿಡು ಸಾಕು" ಅಂದರು.

ಎರಡು ವರ್ಷ ಕೇಬಲ್ಲೇ ಸುತ್ತಿಟ್ಟೆ. ಅಷ್ಟರಲ್ಲಿ ಅವರು ಮಾಡಿಸಿದ ಹೊಸ ಪಾತ್ರೆಯೂ ಸೋರತೊಡಗಿತು. ಪ್ಲಾಸ್ಮಾ ಹೊತ್ತಿಕೊಂಡು ಮಂಕಾಗುತ್ತಿತ್ತು, ತಿರುಗುತ್ತಿರಲಿಲ್ಲ. ಎಲ್ಲರೂ ಊಟಕ್ಕೆ ಹೋದಾಗ ಬೆಸುಗೆಗಳ ಮೇಲೆ ಬೇಗ ಆರಿಹೋಗುವ ಸ್ಪಿರಿಟ್ ಹನಿಹನಿಯಾಗಿ ಬಿಟ್ಟು ಒತ್ತಡದ ಮೀಟರ್ ನೋಡಿದೆ. ಅಪ್ಪನ ವಿದ್ಯೆಯೇ, ಸುಣ್ಣದ ಬದಲು ಮೀಟರ್. ಮುಚ್ಚಳದ ಅಂಚಿಗೆ ಬಂದಾಗ ಸ್ಪಿರಿಟ್ಟಿನ ಆವಿ ಒಳಗೆ ನುಗ್ಗಿ ಮುಳ್ಳು ಹಾರಿತು.

ಮೂರು ವಾರ ಬಾಯಿ ಬಿಡಲಿಲ್ಲ. ಅವರು ಒದ್ದಾಡುವುದನ್ನು ಕೇಬಲ್ ಸುತ್ತುತ್ತ ನೋಡಿದೆ. ಸುಖವಾಗಿತ್ತು. ಯೋಜನೆಯ ತಪಾಸಣೆಗೆ ಇನ್ನೊಂದೇ ವಾರ ಉಳಿದಾಗ ಹೇಳಿದೆ: ಸೋರುವ ಜಾಗ ನನಗೆ ಗೊತ್ತು, ಪಾತ್ರೆಯನ್ನು ನನಗೇ ಒಪ್ಪಿಸಿ ಬರೆದುಕೊಡಿ. ಬರೆದುಕೊಟ್ಟರು. ಮುಚ್ಚಳ ಮಾಡಿದ ಕಾರ್ಖಾನೆಯವರು ರಿಪೇರಿಗೆ ತಿಂಗಳು ಕೇಳಿದರು. ಅಪ್ಪ ಸ್ಟೀಲ್ ರೇಲಿಂಗಿಗೆಂದು ಆರ್ಗಾನ್ ವೆಲ್ಡಿಂಗ್ ಕಲಿತಿದ್ದ, ಈ ಮುಚ್ಚಳಕ್ಕೂ ಬೇಕಾದದ್ದು ಅದೇ. "ನಮ್ಮಪ್ಪ ಇಲ್ಲಿಗೆ ಬರಲ್ಲ ಸಾರ್, ನೀವೇ ಹೋಗಬೇಕು" ಅಂದೆ.

ಗೈಡ್ ತಮ್ಮ ಕಾರಿನಲ್ಲೇ ಮುಚ್ಚಳ ಹೇರಿಕೊಂಡು ನನ್ನೊಂದಿಗೆ ಹೊನ್ನಾಳಿಗೆ ಬಂದರು. ಅಪ್ಪ ತ್ಯಾವಣಿಗೆ ಊರಿನವರೊಬ್ಬರ ಟ್ಯಾಂಕಿಗೆ ಸುಣ್ಣ ಬಳಿಯುತ್ತಿದ್ದ. ಪೇಂಟ್ ಡಬ್ಬ ಬೋರಲು ಹಾಕಿ ಗೈಡನ್ನು ಕೂರಿಸಿದೆ.

"ಮೇಷ್ಟ್ರನ್ನ ಹಿಂಗೆ ಕಾಯಿಸಾಕೆ ಆಗಲ್ಲ ಕಣವ್ವ, ಮೊದ್ಲು ಅವರದು ಮಾಡ್ತೀನಿ" ಅಂದ ಅಪ್ಪ.

"ತ್ಯಾವಣಿಗೆಯವರದು ಮೊದ್ಲು ಬಂದೈತೆ. ಕಾಯಲಿ ಬಿಡಪ್ಪ" ಅಂದೆ, ಅವರಿಗೆ ಕೇಳುವಂತೆ.

ಸೀಮೆಎಣ್ಣೆ ವಾಸನೆ ತಡೆಯದೆ ಮೂಗಿಗೆ ಕರ್ಚೀಫು ಹಿಡಿದು ಎರಡು ತಾಸು ಕೂತರು. ಆಮೇಲೆ ಅಪ್ಪ ಮುಚ್ಚಳದ ಅಂಚು ಬೆಸೆದುಕೊಟ್ಟ.

ತಪಾಸಣೆಯ ದಿನ ಪ್ಲಾಸ್ಮಾ ತಿರುಗಿತು. ಸ್ವಿಚ್ ಒತ್ತಿದವಳು ನಾನು. ಗೈಡ್ ಬಂದವರಿಗೆ ವಿವರಿಸುತ್ತ ಪಾತ್ರೆಯ ಕಡೆ ಕೈ ಚಾಚಿದರು.

"ಮುಟ್ಟಬೇಡಿ ಸಾರ್" ಅಂದೆ.