ನಾನು ಓದದೆ ಬಿಟ್ಟ ಹಾಳೆ

ಶೈಲಾ, ನಿನ್ನ ಮಗಳು ಸಿಂಚನಳ ಶಿಬಿರದ ವರದಿಯನ್ನು ನಾನು ನಿನಗೆ ಸುಳ್ಳಾಗಿ ಓದಿ ಹೇಳಿದೆ. ಇಂಗ್ಲಿಷ್ ಅರ್ಥವಾಗದೆ ಅಲ್ಲ — ಅರ್ಥವಾಗಿದ್ದರಿಂದಲೇ. ಮೂರು ಬೇಸಿಗೆ ಕಳೆದವು. ಆ ಎರಡು ಹಾಳೆ ಇವತ್ತಿನವರೆಗೂ ನನ್ನ ಬೀರುವಿನಲ್ಲಿ, ಮದುವೆಯ ರೇಷ್ಮೆ ಸೀರೆಯ ಮಡಿಕೆಯೊಳಗಿದ್ದವು.

ನಿನಗೆ ಗೊತ್ತಿರುವುದನ್ನೂ ಇಲ್ಲಿ ಬರೆಯುತ್ತೇನೆ. ಮೊದಲಿನಿಂದ ಕ್ರಮವಾಗಿ ಬರೆಯದಿದ್ದರೆ ನಡುವೆ ಎಲ್ಲೋ ಜಾರಿಕೊಂಡುಬಿಡುತ್ತೇನೆ. ಆ ಅಭ್ಯಾಸ ನನಗಿದೆ.

ನೀನು ನನ್ನ ಮೈದುನನ ಹೆಂಡತಿ. ಸೊರಬದಲ್ಲಿ ನಿಮ್ಮ ಪಂಪ್‌ಸೆಟ್ ರಿಪೇರಿ ಅಂಗಡಿ, ಶಿಕಾರಿಪುರದಲ್ಲಿ ನಮ್ಮ ಗೊಬ್ಬರದ ಅಂಗಡಿ. ಅತ್ತೆ ನಮ್ಮ ಜೊತೆ. ಸಿಸ್ಟರುಗಳ ಕಾನ್ವೆಂಟಿನಲ್ಲಿ ಹತ್ತು ವರ್ಷ ಕಲಿತು ನಾನು ಈ ಮನೆಗೆ ತಂದದ್ದು ಮೂರು — ಮೆಲ್ಲಗೆ ಮಾತಾಡುವುದು, ಮೇಜಿನ ಬಟ್ಟೆಗೆ ಕಸೂತಿ ಹಾಕುವುದು, ಇಂಗ್ಲಿಷ್. ಮೊದಲೆರಡು ಯಾರಿಗೂ ಬೇಕಾಗಲಿಲ್ಲ. ಇಂಗ್ಲಿಷ್ ಎಲ್ಲರಿಗೂ ಬೇಕಾಯಿತು. ವಿಮೆಯ ಕಾಗದ, ಕೀಟನಾಶಕದ ಡಬ್ಬಿಯ ಚೀಟಿ, ಅತ್ತೆಯ ಸಕ್ಕರೆ ಕಾಯಿಲೆಯ ರಿಪೋರ್ಟು, ಎಲ್ಲವೂ ನನ್ನ ಕೈಗೆ ಬರುತ್ತಿದ್ದವು. ಎಲ್ಲರೂ ನಡುಮನೆಯಲ್ಲಿ ಕೂತ ಮೇಲೆ ನಾನು ಬೆರಳಿಟ್ಟು ಓದುತ್ತ ಕನ್ನಡದಲ್ಲಿ ಹೇಳುವುದು ನಮ್ಮ ಮನೆಯ ಪದ್ಧತಿ. ನಾನು ಹೇಳಿದ್ದೇ ಕಾಗದ. ಇಪ್ಪತ್ತೈದು ವರ್ಷದಲ್ಲಿ ಒಬ್ಬರೂ ಅದನ್ನು ನನ್ನ ಕೈಯಿಂದ ಇಸಿದುಕೊಂಡು ನೋಡಿದವರಿಲ್ಲ.

ಆ ಬೇಸಿಗೆಯಲ್ಲಿ ಸಿಂಚನಳಿಗೆ ಮೂರೂವರೆ. 'ಅಮ್ಮ' ಎನ್ನುತ್ತಿರಲಿಲ್ಲ. ಕರೆದರೆ ತಿರುಗುತ್ತಿರಲಿಲ್ಲ. ಆದರೆ ಅಡುಗೆಮನೆಯಲ್ಲಿ ಮಿಕ್ಸಿ ಹಾಕಿದರೆ ಎರಡೂ ಕಿವಿ ಮುಚ್ಚಿಕೊಂಡು ಜಗಲಿಗೆ ಓಡುತ್ತಿದ್ದಳು. ಬಜೆ ತೇಯ್ದು ನಾಲಿಗೆಗೆ ಹಚ್ಚಿಯಾಗಿತ್ತು, ದೇವರಿಗೆ ಗಂಟೆ ಕಟ್ಟಿಸುತ್ತೇವೆಂದು ಹರಕೆಯೂ ಆಗಿತ್ತು. ಮಾತು ತಡವಾದ ಸಣ್ಣ ಮಕ್ಕಳಿಗೆಂದು ನಮ್ಮೂರಿನ ಒಂದು ಶಾಲೆಯ ಕೋಣೆಯಲ್ಲಿ ಹದಿನೈದು ದಿನದ ಬೇಸಿಗೆ ಶಿಬಿರ ನಡೆಯುತ್ತದೆ ಎಂದು ನಾನೇ ನಿನಗೆ ಫೋನು ಮಾಡಿದೆ. ನೀನು ಮಗುವನ್ನು ಕರೆದುಕೊಂಡು ನಮ್ಮ ಮನೆಗೆ ಬಂದೆ. ಅರ್ಜಿ ಇಂಗ್ಲಿಷಿನಲ್ಲಿತ್ತು, ನಾನು ತುಂಬಿದೆ. ನಿಮ್ಮ ಮನೆಯೊಳಗೆ ಸಿಗ್ನಲ್ ಸಿಗುವುದಿಲ್ಲವೆಂದು ಫೋನ್ ನಂಬರಿನ ಜಾಗದಲ್ಲಿ ನನ್ನದನ್ನೇ ಬರೆದೆ. ಆಗ ಅದರಲ್ಲಿ ಕೆಟ್ಟ ಉದ್ದೇಶವೇನೂ ಇರಲಿಲ್ಲ.

ಶಿಬಿರದ ಬೆಳಗುಗಳು ನನಗೆ ಚೆನ್ನಾಗಿ ನೆನಪಿವೆ. ರಾಗಿ ತುಂಬಿದ ಪ್ಲಾಸ್ಟಿಕ್ ಟಬ್ಬಿನಲ್ಲಿ ಸಣ್ಣ ಸಣ್ಣ ಆಟಿಕೆ ಹೂತಿಟ್ಟು ಮಕ್ಕಳಿಂದ ಹುಡುಕಿಸುತ್ತಿದ್ದರು. ಹತ್ತಿಯ ಉಂಡೆಯನ್ನು ಸ್ಟ್ರಾದಿಂದ ಊದಿಸುತ್ತಿದ್ದರು. ತಾಯಂದಿರೆಲ್ಲ ಹೊರಗಿನ ಕಟ್ಟೆಯ ಮೇಲೆ. ತಾಳಗುಂದದ ಕಡೆಯ ಒಬ್ಬಾಕೆ ಇದ್ದಳಲ್ಲ, ಮೂಗುತಿಯಾಕೆ — ಅವಳ ಮಾತಿಗೆ ನೀನು ಸೆರಗು ಬಾಯಿಗಿಟ್ಟು ನಕ್ಕಿದ್ದೆ. "ಎರಡು ಹರಕೆ ಹೊತ್ತೀನ್ರೀ. ನನ್ ಮಗ ಬಾಯಿ ಬಿಡ್ಲಿ ಅಂತ ಒಂದು, ನಮ್ಮತ್ತಿ ಬಾಯಿ ಮುಚ್ಲಿ ಅಂತ ಒಂದು. ದೇವ್ರು ಎಲ್ಲಿ ಅದ್ಲು ಬದ್ಲು ಮಾಡ್ತಾನೋ ಅಂತ ಅದೊಂದೇ ಭಯ." ಶಿಬಿರಕ್ಕೆಂದು ಬಂದ ಮೇಲೆ ನೀನು ನಕ್ಕಿದ್ದನ್ನು ನಾನು ನೋಡಿದ್ದು ಅದೇ ಮೊದಲು.

ಅಲ್ಲಿ ಚಿತ್ರದ ಕಾರ್ಡುಗಳಿದ್ದವು. ನೀರು, ಬಿಸ್ಕತ್ತು, ಚೆಂಡು, ಬಾಳೆಹಣ್ಣು. ಬೇಕಾದ ವಸ್ತುವಿನ ಚಿತ್ರವನ್ನು ಮಗು ತಂದು ಕೈಗೆ ಕೊಟ್ಟರೆ ಆ ವಸ್ತು ಕೊಡುವುದು, ಕೊಡುವಾಗ ಅದರ ಹೆಸರು ಹೇಳುವುದು. ಹನ್ನೆರಡನೆಯ ದಿನ ಟೀಚರ್ ನನ್ನನ್ನು ಒಳಗೆ ಕರೆದು ಕೂರಿಸಿದ್ದಳು; ಸಿಂಚನ ಬಾಳೆಹಣ್ಣಿನ ಚಿತ್ರ ತಂದು ನನ್ನ ಅಂಗೈಯಲ್ಲಿಟ್ಟಳು. ಇಟ್ಟು, ತನ್ನ ಪುಟ್ಟ ಕೈಯಿಂದ ಅದನ್ನು ಒಮ್ಮೆ ಒತ್ತಿದಳು. ನಾನು ಕೊಡಲು ಮರೆತು ಅವಳನ್ನೇ ನೋಡುತ್ತ ಕೂತೆ. ಟೀಚರ್ ಬೆನ್ನು ತಟ್ಟಿ ಎಚ್ಚರಿಸಬೇಕಾಯಿತು.

ಹದಿಮೂರನೆಯ ದಿನ ನಿಮ್ಮ ತಾಯಿ ಬಚ್ಚಲಲ್ಲಿ ಜಾರಿ ಬಿದ್ದು ಮುಂಗೈ ಮುರಿದುಕೊಂಡರು. ನೀನು ಮಗುವನ್ನು ನನ್ನ ಬಳಿ ಬಿಟ್ಟು ಹೋದೆ. ಹಾಗಾಗಿ ಕೊನೆಯ ದಿನ ಟೀಚರ್ ಮಾತಾಡಿದ್ದು ನನ್ನ ಜೊತೆ. ಚಿಕ್ಕ ವಯಸ್ಸಿನ ಹುಡುಗಿ, ಆದರೆ ಅವಸರವಿಲ್ಲದೆ, ನನ್ನ ಮುಖ ನೋಡಿಕೊಂಡು ಹೇಳಿದಳು. ಇದು ಬರೀ ಮಾತು ತಡವಾಗಿರುವುದಲ್ಲ, ಆಟಿಸಂನ ಲಕ್ಷಣಗಳು ಕಾಣುತ್ತಿವೆ. ಖಚಿತ ಮಾಡಿಕೊಳ್ಳಲು ಈ ತಿಂಗಳಲ್ಲೇ ಶಿವಮೊಗ್ಗದಲ್ಲಿ ಪೂರ್ತಿ ಪರೀಕ್ಷೆ ಮಾಡಿಸಬೇಕು, ಆಮೇಲೆ ವಾರವಾರವೂ ತರಬೇತಿ ಬೇಕು. ಈ ವಯಸ್ಸಿನಲ್ಲಿ ಒಂದೊಂದು ತಿಂಗಳಿಗೂ ಬೆಲೆ ಇದೆ. ಕಾರ್ಡುಗಳನ್ನು ಮನೆಯಲ್ಲಿ ನಿಲ್ಲಿಸಬಾರದು. ಎಲ್ಲವನ್ನೂ ಬರೆದ ಲಕೋಟೆ ಕೊಟ್ಟು, ಕಾರ್ಡಿನ ಒಂದು ಕಟ್ಟನ್ನೂ ಕೊಟ್ಟು, ಒಂದೇ ಮಾತು ಒತ್ತಿ ಹೇಳಿದಳು — "ಇದನ್ನ ತಾಯಿ ಕೈಗೇ ಕೊಡಿ ಮೇಡಂ."

ನಾನು ತಲೆಯಾಡಿಸಿದೆ.

ಅದು ಶುಕ್ರವಾರ. ಸೋಮವಾರ ನನ್ನ ಮಗಳನ್ನು ನೋಡಲು ಶಿರಾಳಕೊಪ್ಪದಿಂದ ಬರುವವರಿದ್ದರು. ಅನುಕೂಲಸ್ಥರು, ಹುಡುಗ ಚೆನ್ನಾಗಿದ್ದಾನೆ, ಆದರೆ ಮನೆತನವನ್ನು ಮೂರು ತಲೆಮಾರು ವಿಚಾರಿಸುತ್ತಾರೆ ಎಂದು ಮಧ್ಯಸ್ಥರು ಮೊದಲೇ ಹೇಳಿದ್ದರು. ಮನೆಗೆ ನಡೆದು ಬರುವ ಹದಿನೈದು ನಿಮಿಷ ನಾನು ಯೋಚಿಸಿದ್ದು ಸಿಂಚನಳ ಬಗ್ಗೆ ಅಲ್ಲ. ಅವಳು ನನ್ನ ಕಿರುಬೆರಳು ಹಿಡಿದುಕೊಂಡು ಪಕ್ಕದಲ್ಲೇ ನಡೆಯುತ್ತಿದ್ದಳು, ಮತ್ತು ನಾನು — ಅತ್ತೆಗೆ ಗೊತ್ತಾದರೆ ಓಣಿಗೆ ಗೊತ್ತಾಗುತ್ತದೆ, ಓಣಿಗೆ ಗೊತ್ತಾದದ್ದು ಸೋಮವಾರದೊಳಗೆ ಶಿರಾಳಕೊಪ್ಪ ತಲುಪುತ್ತದೆ ಎಂದು ಲೆಕ್ಕ ಹಾಕುತ್ತಿದ್ದೆ.

ಶನಿವಾರ ನೀನು ಬಂದೆ. ಮಧ್ಯಾಹ್ನ ಊಟವಾದ ಮೇಲೆ ಎಲ್ಲರೂ ನಡುಮನೆಯಲ್ಲಿ ಕೂತೆವು. ಅತ್ತೆ ಕನ್ನಡಕ ತೆಗೆದು ಮಡಿಲಲ್ಲಿಟ್ಟುಕೊಂಡು, ಏನಂದಾರಂತೆ ಓದು ನೋಡೋಣ ಎಂದರು. ನೀನು ನನ್ನ ಎದುರಿಗೆ, ನೆಲದ ಮೇಲೆ. ಸಿಂಚನ ಹೊಸ್ತಿಲಿನ ಉದ್ದಕ್ಕೂ ನನ್ನ ಗಾಜಿನ ಬಳೆಗಳನ್ನು ಸಾಲಾಗಿ ಜೋಡಿಸುತ್ತಿದ್ದಳು — ಹಸಿರೆಲ್ಲ ಒಂದು ಕಡೆ, ಕೆಂಪೆಲ್ಲ ಒಂದು ಕಡೆ.

ನಾನು ಬೆರಳಿಟ್ಟು ಓದಿದೆ. ಬೆರಳು 'ಆಟಿಸಂ' ಎಂಬ ಪದದ ಕೆಳಗಿತ್ತು. ಬಾಯಿ, ಮಗು ಚುರುಕಾಗಿದೆ, ಬಣ್ಣ ಗುರುತಿಸುತ್ತದೆ, ಎಲ್ಲರ ಜೊತೆ ಬೆರೆಯುತ್ತದೆ ಎಂದು ಹೇಳುತ್ತಿತ್ತು. ಬೆರಳು ಮುಂದಿನ ಸಾಲಿಗೆ ಹೋಯಿತು, ಮಾತು ನಿಧಾನವಾಗಿ ಬರುತ್ತದೆ, ಗಾಬರಿ ಬೇಡ ಎಂದೆ. ಎರಡನೆಯ ಹಾಳೆಯನ್ನು ತಿರುವಿದ್ದೂ ಹೌದು, ಅದರ ಮೇಲೆ ಬೆರಳಾಡಿಸಿದ್ದೂ ಹೌದು. ಮುಂದಿನ ಬೇಸಿಗೆಗೆ ಮತ್ತೆ ಕಳಿಸಿ ಅಂತ ಬರೆದಿದ್ದಾರೆ ಎಂದು ಮಡಿಸಿದೆ.

"ನಾ ಹೇಳಿದ್ದಿಲ್ಲೇನು?" ಎಂದರು ಅತ್ತೆ. "ಅವರಪ್ಪಾನೂ ಐದು ತುಂಬೋ ತನಕ ಬಾಯಿ ಬಿಟ್ಟಿದ್ದಿಲ್ಲ. ಈಗ ನೋಡು, ಮುಚ್ಸೋಕಾಗ್ತದೇನು?"

ಎಲ್ಲರೂ ನಕ್ಕರು. ನೀನು ಮಾತ್ರ ನನ್ನ ಕೈಯಲ್ಲಿದ್ದ ಕಾಗದವನ್ನು ನೋಡುತ್ತಿದ್ದೆ.

"ಅಷ್ಟೇನಾ ಅಕ್ಕ? ಎರಡು ಹಾಳೆ ತುಂಬ ಬರ್ದಿದಾರಲ್ಲ?"

"ಇಂಗ್ಲಿಷು ಹಂಗೇ ಕಣೇ, ಉದ್ದ ಇರ್ತದೆ," ಎಂದೆ.

ನೀನು ನಂಬಿದೆ. ನಂಬಿ, ನನ್ನ ಕೈಯನ್ನು ಹಿಡಿದು ಕಣ್ಣಿಗೊತ್ತಿಕೊಂಡೆ. ಕಾಗದ ಜೋಪಾನವಾಗಿ ಇಟ್ಟಿರುತ್ತೇನೆ ಎಂದು ನಾನು ಒಳಗೆ ಎದ್ದು ಹೋದೆ.

ಕಾರ್ಡಿನ ಕಟ್ಟನ್ನು ಯಾರಿಗೂ ತೋರಿಸಲಿಲ್ಲ. ತೋರಿಸಿದರೆ ಇದೇಕೆ, ಎಷ್ಟು ದಿನ ಎಂಬ ಪ್ರಶ್ನೆ ಬರುತ್ತಿತ್ತು. ವರದಿಯ ಜೊತೆ ಅದನ್ನೂ ಬೀರುವಿನಲ್ಲಿಟ್ಟೆ. ಇಡುವಾಗ ಸಿಂಚನ ಬಾಗಿಲಲ್ಲಿ ನಿಂತಿದ್ದಳು. ಮೂರೂವರೆ ವರ್ಷದ ಮಗು, ಮಾತಿಲ್ಲ — ಅವಳ ಕಣ್ಣಿಗೆ ಮರೆಮಾಡಬೇಕೆಂದು ಕೂಡ ಅನ್ನಿಸಲಿಲ್ಲ ನನಗೆ. ಆ ಸಂಜೆ ಅವಳು ನನ್ನ ಮಣಿಕಟ್ಟು ಹಿಡಿದು ಎಳೆದುಕೊಂಡು ಹೋಗಿ ಬೀರುವಿನ ಮುಂದೆ ನಿಲ್ಲಿಸಿದಳು. ನನ್ನ ಕೈಯನ್ನು ಎತ್ತಿ ಅದರ ಹಿಡಿಕೆಯ ಮೇಲಿಟ್ಟಳು. ನಾನು ಅಡುಗೆಮನೆಯಿಂದ ಒಂದು ಬಾಳೆಹಣ್ಣು ತಂದು ಅವಳ ಕೈಗೆ ಕೊಟ್ಟೆ. ಅವಳು ತಿಂದಳು. ಮರುದಿನ ಸೊರಬದ ಬಸ್ಸಿಗೆ ಹೊರಡುವ ಮುಂಚೆಯೂ ಒಮ್ಮೆ ಎಳೆದುಕೊಂಡು ಹೋದಳು. ನೀನು ಅದನ್ನು ನೋಡಿ, ದೊಡ್ಡಮ್ಮನ ಸೀರೆ ಬೇಕಂತೆ ಇವಳಿಗೆ ಎಂದು ನಕ್ಕೆ.

ಸೋಮವಾರದವರು ಬಂದರು, ಮಂಡಕ್ಕಿ ಮಿರ್ಚಿ ತಿಂದರು, ಹೋದರು. ಅವರು ಮೂರು ತಲೆಮಾರು ಕೇಳಲಿಲ್ಲ, ಒಂದನ್ನೂ ಕೇಳಲಿಲ್ಲ. ಹುಡುಗನಿಗೆ ಟೀಚರ್ ಕೆಲಸದ ಹುಡುಗಿ ಬೇಕಂತೆ ಎಂದು ವಾರದ ಮೇಲೆ ಹೇಳಿ ಕಳಿಸಿದರು. ನನ್ನ ಮಗಳ ಮದುವೆ ಮರುವರ್ಷ ಬೇರೆ ಕಡೆ ಆಯಿತು.

ಆ ಸಂಬಂಧ ಮುರಿದ ದಿನವಾದರೂ ನಿನಗೆ ಫೋನು ಮಾಡಬಹುದಿತ್ತು. ತಿಂಗಳು ಕೂಡ ಕಳೆದಿರಲಿಲ್ಲ. ಹೆದರಿಕೆಗೆ ಕಾರಣ ಹೋಗಿತ್ತು. ಆದರೆ ಅಷ್ಟರಲ್ಲಿ ಇನ್ನೊಂದು ಹೆದರಿಕೆ ಬಂದಿತ್ತು — ಸುಳ್ಳು ಓದಿದವಳು ಎಂದು ಗೊತ್ತಾಗುವುದು. ಟೀಚರ್ ಎರಡು ಸಲ ನನ್ನ ನಂಬರಿಗೆ ಫೋನು ಮಾಡಿದಳು. ಮೊದಲನೆಯ ಸಲ, ಹೋಗುತ್ತಾರಂತೆ ಎಂದೆ. ಎರಡನೆಯ ಸಲ, ಶಿವಮೊಗ್ಗಕ್ಕೆ ಕರೆದುಕೊಂಡು ಹೋಗಿದ್ದಾರೆ, ತರಬೇತಿ ನಡೆಯುತ್ತಿದೆ ಎಂದೆ. ತುಂಬ ಸಂತೋಷ ಮೇಡಂ ಎಂದಳು. ನಿಜವಾಗಿ ಸಂತೋಷಪಟ್ಟಳು, ದನಿಯಲ್ಲೇ ಗೊತ್ತಾಗುತ್ತಿತ್ತು.

ಎರಡು ವರ್ಷ. ಐದೂವರೆಗೆ ಶಾಲೆಗೆ ಸೇರಿಸಲು ಹೋದಾಗ ಅಲ್ಲಿನ ಮೇಷ್ಟ್ರು ನೋಡಿ ಹೇಳಿದ ಮೇಲೆ ನೀನೇ ಅವಳನ್ನು ಶಿವಮೊಗ್ಗಕ್ಕೆ ಕರೆದುಕೊಂಡು ಹೋದೆ. ಬಂದು ನನಗೆ ಫೋನು ಮಾಡಿದೆ. ಡಾಕ್ಟರು ಬೈದರಂತೆ — ಇಷ್ಟು ದಿನ ಏನು ಮಾಡುತ್ತಿದ್ದಿರಿ, ಮೊದಲೇ ಯಾರೂ ಹೇಳಲಿಲ್ಲವೇ ಎಂದು. "ಶಿಬಿರದವ್ರು ಏನೂ ತೊಂದ್ರೆ ಇಲ್ಲ ಅಂದಿದ್ರು ಅಂತ ಹೇಳ್ದೆ ಅಕ್ಕ. ಅವ್ರಿಗೂ ಗೊತ್ತಾಗಿರ್ಲಿಕ್ಕಿಲ್ಲ, ಪಾಪ." ನಾನು ಒಲೆಯ ಮೇಲೆ ಹಾಲಿಟ್ಟಿದ್ದೆ. ಹಾಲು ಉಕ್ಕುತ್ತದೆ ಎಂದು ಫೋನು ಇಟ್ಟೆ. ಹಾಲು ಉಕ್ಕಿರಲಿಲ್ಲ.

ಈಗ ಅವಳಿಗೆ ಆರೂವರೆ. ವಾರಕ್ಕೆರಡು ದಿನ ನೀನು ಅವಳನ್ನು ಬಸ್ಸಿನಲ್ಲಿ ಕರೆದುಕೊಂಡು ಶಿವಮೊಗ್ಗಕ್ಕೆ ಹೋಗಿ ಬರುತ್ತೀ. ನಾಲ್ಕು ಮಾತು ಬಂದಿವೆ. ಮೊದಲೇ ಶುರುವಾಗಿದ್ದರೆ ಎಷ್ಟು ಬರುತ್ತಿತ್ತೋ — ಯಾರೂ ಹೇಳಲಾರರು. ಹೆಚ್ಚೇನೂ ಬರುತ್ತಿರಲಿಲ್ಲವೇನೋ ಎಂದು ನಾನು ಎಷ್ಟೋ ಸಲ ಅಂದುಕೊಂಡಿದ್ದೇನೆ. ಹಾಗೆ ಅಂದುಕೊಳ್ಳುವ ಹಕ್ಕು ನನಗಿಲ್ಲ.

ಮೊನ್ನೆ ನೀನು ಫೋನು ಮಾಡಿದೆ. ಈ ಬೇಸಿಗೆಯ ಶಿಬಿರಕ್ಕೆ ದೊಡ್ಡ ಮಕ್ಕಳನ್ನೂ ತೆಗೆದುಕೊಳ್ಳುತ್ತಾರಂತೆ. "ಫಾರಂ ನೀವೇ ತುಂಬ್ಕೊಡಿ ಅಕ್ಕ. ಹಳೇ ರಿಪೋರ್ಟ್ ಇದ್ರೆ ಹಚ್ಚಿ ಅಂದಿದಾರೆ. ಅದು ನಿಮ್ಮತ್ರಾನೇ ಇದ್ಯಲ್ಲ?"

ಇಲಿ ಕಡಿದು ಹೋಯಿತು ಎನ್ನುವ ಮಾತು ನನ್ನ ನಾಲಿಗೆಯ ತುದಿಗೆ ತಾನಾಗಿ ಬಂತು. ಅಷ್ಟು ಸಲೀಸಾಗಿ ಬಂದದ್ದನ್ನು ಕಂಡು — ಇದೆ, ತಂದುಕೊಡುತ್ತೇನೆ ಎಂದೆ.

ವರದಿಯನ್ನು ತೆಗೆದು ಪ್ರತಿ ಸಾಲನ್ನೂ ಕನ್ನಡದಲ್ಲಿ ಬರೆದಿದ್ದೇನೆ. ಈ ಬರಹವನ್ನು ಅಂಚೆಗೆ ಹಾಕಿ ಮನೆಯಲ್ಲಿ ಕೂರುವುದು ಸುಲಭ, ಅದಕ್ಕೇ ಕಳಿಸುತ್ತಿಲ್ಲ, ತರುತ್ತಿದ್ದೇನೆ. ನಾಳೆ ಬೆಳಗಿನ ಬಸ್ಸಿಗೆ ಅತ್ತೆಯನ್ನೂ ಕರೆದುಕೊಂಡು ಬರುತ್ತೇನೆ. ಎಲ್ಲಿಗೆ, ಏಕೆ ಎಂದು ಅವರು ಎರಡು ಸಲ ಕೇಳಿದರು, ಅಲ್ಲಿಯೇ ಹೇಳುತ್ತೇನೆ ಎಂದಿದ್ದೇನೆ. ಸುಳ್ಳನ್ನು ಎಲ್ಲರೂ ಕೂತಿದ್ದಾಗ ಓದಿದ್ದು. ನಿಜವನ್ನೂ ಎಲ್ಲರೂ ಕೂತಿದ್ದಾಗಲೇ ಓದಬೇಕು. ಕಾರ್ಡಿನ ಕಟ್ಟೂ ಚೀಲದಲ್ಲಿದೆ.

ಓದಿ ಮುಗಿಸಿದ ಮೇಲೆ ನೀನು ನನ್ನನ್ನು ಏನಾದರೂ ಅನ್ನು, ಏನೂ ಅನ್ನದೆ ಇರು. ಅಕ್ಕ ಎಂದು ಕರೆಯದಿದ್ದರೂ ಸರಿ. ಆದರೆ ಆ ಎರಡು ಹಾಳೆಗಳನ್ನು ನನ್ನ ಕೈಯಿಂದ ಇಸಿದುಕೋ ಶೈಲಾ. ಇಸಿದುಕೊಂಡು, ಇನ್ನೊಬ್ಬರ ಕೈಲಿ ಮತ್ತೊಮ್ಮೆ ಓದಿಸು.