ವೀಳ್ಯ ಹಿಡಿದು ಬರೆದ ಸಂಭಾಷಣೆ

ಭಾರತೀನಗರದ ಒಂದು ಕಲ್ಯಾಣ ಮಂಟಪದಲ್ಲಿ, ಮದುವೆಯಿಲ್ಲದ ಒಂದು ದಿನ, ಹೆಣ್ಣಿನ ಕಡೆಯವರಿಗೆಂದು ಬಿಟ್ಟ ಕೋಣೆಯಲ್ಲಿ ನಾವು ಐದು ಜನ ಕೂತಿದ್ದೆವು. ಬೆಂಗಳೂರಿನಿಂದ ಬಂದ ನಿರ್ದೇಶಕ ಹಾಸಿಗೆಯ ಮೇಲೆ ಚಕ್ಕಳಮಕ್ಕಳ ಹಾಕಿ, ತೊಡೆಯ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡಿದ್ದ. ನನ್ನ ಮಗನ ವಯಸ್ಸು. ಸಿನಿಮಾಕ್ಕೆ ದುಡ್ಡು ಹಾಕುವ ನಿರ್ಮಾಪಕರು ಬಾಗಿಲ ಪಕ್ಕದ ಕುರ್ಚಿಯಲ್ಲಿದ್ದರು. ಮಂಟಪ ಅವರದ್ದೇ, ಸುತ್ತಲಿನ ಕಬ್ಬಿನ ಗದ್ದೆಯೂ ಅವರದ್ದೇ. ನನಗೆ ನಾಟಕ ಕಲಿಸಿದ ಹಾರ್ಮೋನಿಯಂ ಮೇಷ್ಟ್ರು ಗೋಡೆಗೊರಗಿದ್ದರು. ನನ್ನ ಪಕ್ಕದಲ್ಲಿ ಅಕ್ಕ. ಒಡಹುಟ್ಟಿದವಳಲ್ಲ, ನನ್ನ ಹಾಗೆ ನಾಟಕದವಳು. ಒಂದೇ ಬಣ್ಣದ ಪೆಟ್ಟಿಗೆ, ಒಂದೇ ಬಸ್ಸಿನ ಸೀಟು ಹಂಚಿಕೊಂಡು ಊರೂರು ತಿರುಗಿದವರು ನಾವು.

ನಾಟಕದ ಹೆಣ್ಣೊಬ್ಬಳ ಬದುಕಿನ ಬಗ್ಗೆ ಸಿನಿಮಾ. ಅದರಲ್ಲಿ ನನಗೊಂದು ಸೋದರತ್ತೆಯ ಪಾತ್ರ ಕೊಡಲು ಕರೆಸಿದ್ದರು. ನಿರ್ದೇಶಕ ಒಂದು ದೃಶ್ಯ ಓದಿದ. ಮಳವಳ್ಳಿ ಕಡೆಯ ತಾಯಿ, ನಾಟಕ ಸೇರಲು ಹೊರಟ ಮಗಳಿಗೆ ಹೇಳುತ್ತಾಳೆ: "ಮಗಳೇ, ನಿನ್ನ ಈ ನಿರ್ಧಾರ ನನ್ನ ಮನಸ್ಸಿಗೆ ತುಂಬಾ ನೋವು ತಂದಿದೆ."

ಅಕ್ಕ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಆದರೂ ತಡೆಯಲಾಗಲಿಲ್ಲ. "ನಮ್ ಕಡೆ ಅವ್ವ ಇಂಗ್ ಮಾತಾಡುದ್ರೆ, ಮಗ್ಳು ಮೊದ್ಲು ಡಾಕ್ಟ್ರ್ ತಾವ್ಕೆ ಕರ್ಕಂಡೋಯ್ತಾಳೆ ಕಣಪ್ಪ."

ನಿರ್ದೇಶಕನ ಮುಖ ಸಣ್ಣದಾಯಿತು. "ಮತ್ತೆ ಹೇಗೆ ಹೇಳ್ತಾಳೆ ಅಮ್ಮಾ, ನೀವೇ ಹೇಳಿ," ಎಂದ ನನ್ನ ಕಡೆ ತಿರುಗಿ.

ನಾನು ಯೋಚಿಸಲಿಲ್ಲ. "ಓಗು. ತಿರ್ಗ ಬರೋವಾಗ ಬಾಗ್ಲು ತಗ್ದೇ ಇರ್ತದೆ. ನಾನಿರಾಕಿಲ್ಲ, ಅಷ್ಟೆಯ."

ಲ್ಯಾಪ್‌ಟಾಪಿನ ಕೀಲಿಗಳ ಸದ್ದು ಕೇಳಿಸಿತು, ಅವನು ಬರೆದುಕೊಳ್ಳುತ್ತಿದ್ದ. ಸಾಯಂಕಾಲದ ಹೊತ್ತಿಗೆ ಇಡೀ ಸಿನಿಮಾದ ಮಾತು ನಾನೇ ಬರೆಯುವುದೆಂದು ಆಯಿತು.

ಮಾತು ನನಗೆ ಪುಸ್ತಕದಿಂದ ಬಂದದ್ದಲ್ಲ. ಅಜ್ಜಿ ರಾಗಿ ಬೀಸುತ್ತಾ ಪದ ಹೇಳುತ್ತಿದ್ದಳು, ಪದ ಮುಗಿದರೆ ಬೈಯುತ್ತಿದ್ದಳು. ಎರಡಕ್ಕೂ ಒಂದೇ ಲಯ. ಉಳಿದದ್ದನ್ನು ಮೇಷ್ಟ್ರು ತಿದ್ದಿದರು. ಅದನ್ನು ಹೊಟ್ಟೆಪಾಡು ಮಾಡಿದ್ದು ನಮ್ಮ ಕಡೆಯ ಪೌರಾಣಿಕ ನಾಟಕ. ಇಲ್ಲಿ ನಾಟಕ ಆಡುವವರು ಊರಿನ ಗಂಡಸರೇ. ಸೊಸೈಟಿ ಕಾರ್ಯದರ್ಶಿ ರಾಜ, ಬಸ್ ಕಂಡಕ್ಟರು ಸೇನಾಧಿಪತಿ. ತಿಂಗಳುಗಟ್ಟಲೆ ಮೇಷ್ಟ್ರನ್ನು ಕೂರಿಸಿಕೊಂಡು ಕಲಿಯುತ್ತಾರೆ. ಹೆಣ್ಣು ಪಾತ್ರಕ್ಕೆ ಮಾತ್ರ ಪೇಟೆಯಿಂದ ನಮ್ಮನ್ನು ಕರೆಸುತ್ತಾರೆ. ನಾವು ಹೋಗುವುದು ಆಟದ ದಿನ ಸಂಜೆಗೆ. ರಾಜನ ಮುಖ ನೋಡುವುದೇ ರಂಗದ ಮೇಲೆ.

ಆ ರಾಜ, ಎದುರಿಗೆ ಊರೆಲ್ಲ ಕೂತದ್ದು ಕಂಡ ಕೂಡಲೇ ಮಾತು ಮರೆಯುತ್ತಾನೆ. ಆಗ ಅವನ ಮಾತನ್ನೂ ರಾಣಿಯೇ ಆಡಬೇಕು, ಆಡಿದ್ದು ಯಾರಿಗೂ ಗೊತ್ತಾಗಬಾರದು. "ಏಕೆ ಪ್ರಭು, ನನ್ನ ತಮ್ಮನನ್ನು ಸೆರೆಗೆ ತಳ್ಳಿದೆನೆಂದು ಹೇಳಲು ತಮ್ಮ ನಾಲಿಗೆ ಅಳುಕುತ್ತಿದೆಯೇ?" ಎಂದು ನಾನು ಕೇಳಬೇಕು. ಅವನು ಎದೆಯುಬ್ಬಿಸಿ, "ಹೌದು, ತಳ್ಳಿದೆ!" ಅನ್ನುತ್ತಾನೆ. ಶಿಳ್ಳೆ ಬೀಳುತ್ತದೆ. ನಾಟಕ ನಿಲ್ಲಿಸಿ ಅವನ ಷಡ್ಡಕ ಮೇಲೆ ಹತ್ತಿ ಹಾರ ಹಾಕುತ್ತಾನೆ. ಹಾರ ಹಾಕಿಸಿಕೊಂಡು ಮುಗಿಯುವವರೆಗೂ ರಾಣಿ ಕಣ್ಣೀರು ಹಿಡಿದುಕೊಂಡು ನಿಂತಿರಬೇಕು.

ಬಸರಾಳು ಹತ್ತಿರದ ಒಂದು ಹಳ್ಳಿಯ ರಾಜ ಬೆಳಿಗ್ಗೆ ಕಾಫಿ ತಂದುಕೊಟ್ಟು ಕೇಳಿದ್ದ: "ಎಂಗಿತ್ತವ್ವ ನನ್ ಮಾತು?"

"ಭಾಳ ಚೆನ್ನಾಗಿತ್ತು ಕಣಣ್ಣ."

"ಆ ಸೆರೆಮನೆ ಮಾತು ಪುಸ್ತಕ್ದಾಗೆ ಇರ್ನಿಲ್ಲ. ನಾನೇ ಕಟ್ಕಂಡು ಯೋಳ್ದೆ."

ನಾನೂ ಅಕ್ಕನೂ ಬಸ್ಸು ಹತ್ತುವವರೆಗೆ ತಡೆದುಕೊಂಡು, ಆಮೇಲೆ ಮಂಡ್ಯದವರೆಗೂ ನಕ್ಕೆವು. ಆಗ ನಗು ಬರುತ್ತಿತ್ತು.

ಆ ನಾಟಕಗಳ ಪೋಸ್ಟರಿನಲ್ಲಿ ಊರಿನ ಪ್ರತಿಯೊಬ್ಬ ಗಂಡಸಿನ ಹೆಸರೂ ಇರುತ್ತಿತ್ತು, ದೀಪ ಹಿಡಿದವನದ್ದೂ. ನಮ್ಮದು ಮಾತ್ರ 'ಸ್ತ್ರೀ ಪಾತ್ರಗಳು: ಮಂಡ್ಯದ ಕಲಾವಿದೆಯರಿಂದ'. ವಯಸ್ಸಾಗಿ ರಾಣಿಯ ಪಾತ್ರ ಕಿರಿಯವರಿಗೆ ಹೋಗಿ ನನಗೆ ರಾಜಮಾತೆ ಉಳಿದಾಗಲೂ ಅದೇ ಸಾಲು. ಅದಕ್ಕೇ ಈ ಸಿನಿಮಾದಲ್ಲಿ ನನಗೆ ಬೇಕಾದದ್ದು ಒಂದೇ. ಪರದೆಯ ಮೇಲೆ 'ಸಂಭಾಷಣೆ' ಅಂತ ಬರಬೇಕು, ಅದರ ಕೆಳಗೆ ನನ್ನ ಹೆಸರಿರಬೇಕು.

ಆದರೆ ಅದನ್ನು ಬಾಯಿಬಿಟ್ಟು ಕೇಳಲಿಲ್ಲ. ಅವತ್ತು ಹೊರಡುವಾಗ ನಿರ್ಮಾಪಕರು ತಟ್ಟೆಯಲ್ಲಿ ವೀಳ್ಯದೆಲೆ, ಅಡಿಕೆ, ರವಿಕೆ ಕಣ, ಮುಂಗಡದ ಕವರು ಇಟ್ಟು ತಂದರು. ನಮ್ಮ ಕಸುಬಿನಲ್ಲಿ ವೀಳ್ಯ ಹಿಡಿದರೆ ಮಾತು ಮುಗಿಯಿತು. ಆಮೇಲೆ ಇದು ಬೇಕು ಅದು ಬೇಕು ಅನ್ನುವವಳನ್ನು ಮರುವರ್ಷ ಯಾವ ಊರಿನವರೂ ಕರೆಯುವುದಿಲ್ಲ. ಕೈ ತಾನಾಗಿಯೇ ಮುಂದೆ ಹೋಯಿತು. ಕಣ್ಣಿಗೊತ್ತಿಕೊಂಡು ತೆಗೆದುಕೊಂಡೆ.

ಬಸ್ಸಿನಲ್ಲಿ ಮೇಷ್ಟ್ರು ಕೇಳಿದರು. "ಯಾತುಕ್ ಇಸ್ಕಂಡೆ ಮಗ? ಪಾತ್ರಕ್ಕೋ, ಬರೆಯಕ್ಕೋ?"

"ಎಲ್ಡುಕೂವೆ ಮೇಷ್ಟ್ರೆ."

"ಅಂಗಂದ್ರಾ ಅವ್ರು?"

"ಅನ್ನನಿಲ್ಲ."

ಮೇಷ್ಟ್ರು ಕಿಟಕಿಯ ಆಚೆ ಸಾಲುಗಟ್ಟಿ ನಿಂತ ಕಬ್ಬಿನ ಗಾಡಿಗಳನ್ನು ನೋಡುತ್ತಾ ಕೂತರು.

ಆ ಬೇಸಗೆಯೆಲ್ಲ ಬರೆದೆ. ಅಡುಗೆಮನೆ ಕಟ್ಟೆಯ ಮೇಲೆ ಹಾಳೆ ಹರಡಿ, ಪ್ರತಿ ಮಾತನ್ನೂ ಜೋರಾಗಿ ಆಡಿ ನೋಡಿ, ಬಾಯಲ್ಲಿ ತೊಡರಿದ್ದನ್ನು ಹೊಡೆದುಹಾಕಿ ಬರೆಯುತ್ತಿದ್ದೆ. ಹಾಳೆಯ ಫೋಟೊ ತೆಗೆದು ನಿರ್ದೇಶಕನ ಫೋನಿಗೆ ಕಳಿಸುತ್ತಿದ್ದೆ. "ಚಿನ್ನ ಅಮ್ಮಾ ಇದು, ಚಿನ್ನ," ಅನ್ನುತ್ತಿದ್ದ. ಒಮ್ಮೆ ಧೈರ್ಯ ಮಾಡಿ ಹೆಸರಿನ ವಿಷಯ ಎತ್ತಿದೆ. "ಅಯ್ಯೋ, ನಿಮ್ಮ ಹೆಸರು ಹಾಕದೇ ಇರ್ತೀನಾ," ಎಂದ. ಸೋದರತ್ತೆಯ ಪಾತ್ರವನ್ನೂ ಮಾಡಿ ಬಂದೆ.

ಸಿನಿಮಾ ಬಿಡುಗಡೆಯಾದ ದಿನ ಮಂಡ್ಯದ ಥಿಯೇಟರಿನಲ್ಲಿ ಬೆಳಗಿನ ಆಟಕ್ಕೆ ನಾನು, ಅಕ್ಕ, ಮೇಷ್ಟ್ರು ಹೋದೆವು. ಕಥೆ, ಚಿತ್ರಕಥೆ, ಸಂಭಾಷಣೆ, ನಿರ್ದೇಶನ ಎಂದು ಒಟ್ಟಿಗೇ ಬಂತು. ಕೆಳಗೆ ಒಂದೇ ಹೆಸರು, ಅವನದ್ದು. ನನ್ನದು ಅದಕ್ಕೂ ಮೊದಲೇ ಪಾತ್ರವರ್ಗದ ಉದ್ದನೆಯ ಸಾಲಿನಲ್ಲಿ ಹೋಗಿಬಿಟ್ಟಿತ್ತಂತೆ, ನನಗೆ ಕಾಣಲೂ ಇಲ್ಲ.

ತಾಯಿ ಬಾಗಿಲಲ್ಲಿ ನಿಂತು "ನಾನಿರಾಕಿಲ್ಲ, ಅಷ್ಟೆಯ" ಅಂದಾಗ ಥಿಯೇಟರಿನಲ್ಲಿ ಚಪ್ಪಾಳೆ ಬಿತ್ತು. ಹಿಂದಿನ ಸೀಟಿನವನು ಪಕ್ಕದವನಿಗೆ, "ಏನ್ ಬರ್ದವ್ನೆಲಾ ನನ್ಮಗ," ಎಂದ. ಅಕ್ಕ ನನ್ನ ಕೈ ಹಿಡಿದು, "ನಿಂದು ಕಣೇ ಅದು," ಎಂದಳು.

"ಸುಮ್ಕಿರಕ್ಕ."

ಮಾರನೆಯ ದಿನ ನಿರ್ಮಾಪಕರ ಹತ್ತಿರ ಹೋದೆ. ಅವರು ಕೆಟ್ಟವರಲ್ಲ, ಕೂರಿಸಿ ಎಳನೀರು ಕೊಟ್ಟರು. "ಪಾತ್ರಕ್ಕೆ ವೀಳ್ಯ ಕೊಟ್ಟೆ, ನೀನು ಇಸ್ಕಂಡೆ. ಸ್ಟೇಜ್ ಮ್ಯಾಲೆ ನಾಕ್ ಮಾತು ಜಾಸ್ತಿ ಆಡ್ದೆ ಅಂತ ಯಾರಾರ ಪೋಸ್ಟ್ರಿಗೆ ಹೆಸ್ರು ಆಕುಸ್ತಾರಾ ತಾಯಿ? ನೀನೇ ಯೋಳು."

ಜೀವಮಾನವೆಲ್ಲ ನಾವೇ ಒಪ್ಪಿಕೊಂಡು ಬಂದ ಲೆಕ್ಕವನ್ನು ಅವರು ತಿರುಗಿಸಿ ಹೇಳಿದ್ದರು. ನಿರ್ದೇಶಕ ಫೋನಿನಲ್ಲಿ ಇನ್ನೂ ನಯವಾಗಿ ಮಾತಾಡಿದ. "ನೀವು ಊರಿನ ಮಾತು ಕೊಟ್ರಿ ಅಮ್ಮಾ, ನಾನು ಅದನ್ನ ಸೀನ್ ಮಾಡ್ದೆ. ಆಡುಮಾತು ಯಾರೊಬ್ಬರ ಸ್ವತ್ತೂ ಅಲ್ಲವಲ್ಲ." ನನ್ನ ಅಜ್ಜಿಯ ಬೈಗುಳ ಯಾರ ಸ್ವತ್ತೂ ಅಲ್ಲ, ನಿಜ. ಆದರೆ ಅದನ್ನು ಎಲ್ಲಿ ನಿಲ್ಲಿಸಿದರೆ ಎದೆಗೆ ನಾಟುತ್ತದೆ ಎಂದು ತಿಳಿಯಲು ನನಗೆ ಅರ್ಧ ಆಯಸ್ಸು ಹಿಡಿದಿತ್ತು. ಇದನ್ನು ಅವನಿಗೆ ಹೇಳಬೇಕಿತ್ತು. ಹೊಳೆದದ್ದು ಫೋನು ಇಟ್ಟ ಮೇಲೆ.

ಆಮೇಲೆ ಅವನೇ ಎರಡನೆಯ ಸಿನಿಮಾಕ್ಕೆ ಕೇಳಿದ. ಮೊದಲು ಕಾಗದದಲ್ಲಿ ನನ್ನ ಹೆಸರು ಬರೆದುಕೊಡಿ, ಆಮೇಲೆ ಬರೆಯುತ್ತೇನೆ ಎಂದೆ. ಆಗಲಿ, ವಿಚಾರಿಸಿ ಹೇಳುತ್ತೇನೆ ಎಂದವನು ಮತ್ತೆ ಫೋನು ಮಾಡಲಿಲ್ಲ.

ಆ ಸಿನಿಮಾದ ಚಿತ್ರೀಕರಣ ಹನಕೆರೆ ರೈಲ್ವೆ ಸ್ಟೇಷನ್ನಿನಲ್ಲಿ ನಡೆಯಿತು. ಅಕ್ಕನಿಗೆ ಒಂದು ದಿನದ ಕೆಲಸ ಸಿಕ್ಕಿತ್ತು. ಹೋಗಲೋ ಬೇಡವೋ ಎಂದು ನನ್ನನ್ನು ಕೇಳಿದಳು. ಹೋಗು ಎಂದೆ. ಬೆಳಗಿನ ರೈಲಿಗೆ ಹೋಗಿ ಸಂಜೆ ಬಂದು, ಕಾಲು ತೊಳೆದು ನನ್ನ ಮನೆಯ ಜಗಲಿಯಲ್ಲಿ ಕೂತಳು. ಏನು ಪಾತ್ರ ಎಂದು ಕೇಳಿದೆ.

"ರೈಲಿಗೆ ಕಾಯೋ ಎಂಗ್ಸು. ಮಾತಿಲ್ಲ ಕಣೇ," ಎಂದಳು.

ಮುದ್ದೆ ಇಳಿಸಿ ಇಬ್ಬರಿಗೂ ತಟ್ಟೆ ಹಾಕಿದೆ.