ಆಟದ ಚೀಟಿಯಲ್ಲಿ ನೇರಲಬೈಲು

ಸೀಮೆಎಣ್ಣೆಗೆ ಅಚ್ಚಿನ ಮಸಿ ಬೆರೆತರೆ ಒಂದು ವಾಸನೆ ಹುಟ್ಟುತ್ತದೆ. ಹಳೆಯ ಬಟ್ಟೆಯೊಳಗೆ ಸೇರಿಕೊಂಡರೆ ಅದು ವರ್ಷಗಟ್ಟಲೆ ಬಿಡುವುದಿಲ್ಲ. ಮೊನ್ನೆ ಅಟ್ಟದಿಂದ ಬಿಸ್ಕತ್ತಿನ ಡಬ್ಬ ಇಳಿಸಿ ಮುಚ್ಚಳ ತೆಗೆದಾಗ ಅದೇ ವಾಸನೆ ಮುಖಕ್ಕೆ ಬಂತು, ನಾನು ಏಣಿಯ ಬುಡದಲ್ಲೇ ಕೂತುಬಿಟ್ಟೆ. ನಿಮಗೂ ಇಂಥ ಒಂದು ವಾಸನೆ ಇದ್ದೇ ಇರುತ್ತದೆ, ಹಾಗಾಗಿ ಹೆಚ್ಚು ವಿವರಿಸುವುದಿಲ್ಲ. ಡಬ್ಬ ಇಳಿಸುವಂತೆ ಮಾಡಿದ್ದು ನಮ್ಮ ಸಾಗರದ ಫುಟ್‌ಬಾಲ್ ಹುಡುಗರು. ಈ ವರ್ಷದ ಪಂದ್ಯಗಳಿಗೆ ಆಟದ ಚೀಟಿ ಅಚ್ಚು ಹಾಕಿಸಬೇಕೋ ಬೇಡವೋ ಎಂದು ಅವರೊಳಗೆ ಜಗಳ ಹತ್ತಿದೆಯಂತೆ. ಅರ್ಧ ಜನ "ಎಲ್ಲಾ ಮೊಬೈಲಲ್ಲೇ ಬರ್ತದಲ್ಲ, ಕಾಗದ ಎಂತಕ್ಕೆ" ಅನ್ನುವವರು. ಉಳಿದರ್ಧಕ್ಕೆ ಕಾಗದ ಬೇಕು, ಎಂತಕ್ಕೆ ಎಂದು ಅವರಿಗೂ ಗೊತ್ತಿಲ್ಲ. ಹಳೆಯ ಚೀಟಿ ಯಾವುದಾದರೂ ಉಳಿದಿದೆಯೇ ಎಂದು ಪ್ರೆಸ್ಸಿನ ಮನೆಯ ಮಗಳಾದ ನನ್ನನ್ನು ಕೇಳಿ, ಭಾನುವಾರ ಬರುತ್ತೇವೆಂದು ಹೇಳಿ ಹೋಗಿದ್ದರು. ಚೀಟಿ ಒಂದೂ ಉಳಿದಿರಲಿಲ್ಲ. ಡಬ್ಬದಲ್ಲಿದ್ದದ್ದು ಬೇರೆ.

ಎಪ್ಪತ್ತರ ದಶಕದಲ್ಲಿ ನಮ್ಮ ಮನೆಯ ಮುಂಭಾಗವೇ ಪ್ರೆಸ್ಸು. ಬೀದಿಯಿಂದ ಒಳಗೆ ಕಾಲಿಟ್ಟರೆ ಮೊದಲು ಎದುರಾಗುವುದು ಕಾಲಲ್ಲಿ ತುಳಿದು ಓಡಿಸುವ ಟ್ರೆಡಲ್ ಯಂತ್ರ, ಅದನ್ನು ದಾಟಿದರೆ ಸೀಸದ ಅಕ್ಷರಗಳನ್ನು ತುಂಬಿದ ಮರದ ಖಾನೆಗಳು, ಅವನ್ನೂ ದಾಟಿದರೆ ಅಡುಗೆಮನೆ. ಸಾರಿನ ಒಗ್ಗರಣೆಗೂ ಮಸಿಗೂ ನಡುವೆ ಗೋಡೆ ಇತ್ತೇ ಹೊರತು ಬಾಗಿಲಿರಲಿಲ್ಲ. ಅಪ್ಪ ಯಂತ್ರ ತುಳಿಯುತ್ತಿದ್ದ, ಅಮ್ಮ ಮೊಳೆ ಜೋಡಿಸುತ್ತಿದ್ದಳು. ಆ ಸೀಸದ ಅಕ್ಷರಗಳನ್ನೇ ನಾವು ಮೊಳೆ ಅನ್ನುತ್ತಿದ್ದುದು. ಕನ್ನಡಿಯಲ್ಲಿ ಕಂಡಂತೆ ತಿರುಗಿಕೊಂಡಿರುವ ಅವನ್ನು ಅಮ್ಮ ಮದುವೆಯಾಗಿ ಬಂದ ಮೇಲೆ ಓದಲು ಕಲಿತದ್ದು. ಒಂದು ಕೆಲಸ ಮುಗಿದರೆ ಜೋಡಿಸಿದ್ದನ್ನು ಸೀಮೆಎಣ್ಣೆ ಬಟ್ಟೆಯಲ್ಲಿ ಒರೆಸಿ, ಬಿಚ್ಚಿ, ಪ್ರತಿ ಮೊಳೆಯನ್ನೂ ಅದರದರ ಖಾನೆಗೆ ಹಿಂದಿರುಗಿಸಬೇಕು. ನಿನ್ನೆ ಮದುವೆಯ ಕರೆಯೋಲೆಯಲ್ಲಿದ್ದ ಅಕ್ಷರವೇ ಇವತ್ತು ತಿಥಿಯ ಕಾರ್ಡಿಗೂ ಬರುವುದು. ಅದನ್ನು ನಾವ್ಯಾರೂ ವಿಶೇಷ ಎಂದುಕೊಂಡಿರಲಿಲ್ಲ.

ಆಟದ ಚೀಟಿಯ ಕೆಲಸ ಬಂದರೆ ಮಾತ್ರ ಅಮ್ಮನ ಮುಖವೇ ಬೇರೆ. ಮಳೆಗಾಲ ಕಳೆದು ಮೈದಾನ ಒಣಗುತ್ತಿದ್ದಂತೆ ತೀರ್ಥಹಳ್ಳಿ, ಹೊಸನಗರ, ಕೋಣಂದೂರಿನ ತಂಡಗಳು ಆಡಲು ಬರುತ್ತಿದ್ದವು. ಪ್ರತಿ ಆಟಕ್ಕೂ ನಮ್ಮಲ್ಲಿ ಒಂದು ಚೀಟಿ ಅಚ್ಚಾಗುತ್ತಿತ್ತು. ಒಂದು ಪಕ್ಕ ನಮ್ಮವರ ಹೆಸರು, ಇನ್ನೊಂದು ಪಕ್ಕ ಬಂದವರದ್ದು. ಹೆಸರಿನ ಮುಂದೆ ಊರು ಹಾಕುವುದು ಆಗಿನ ಪದ್ಧತಿ. ನಮ್ಮ ತಂಡದಲ್ಲೇ ಇಬ್ಬರು ಗಣಪತಿಗಳಿದ್ದರು, ಊರಿಲ್ಲದಿದ್ದರೆ ಯಾರು ಯಾರೆಂದು ತಿಳಿಯುವುದು ಹೇಗೆ? ಅವರಲ್ಲಿ ಗೋಲು ಕಾಯುತ್ತಿದ್ದವನು ನನ್ನ ಅಮ್ಮನ ತಮ್ಮ. ಚೀಟಿಯಲ್ಲಿ ಅವನದ್ದು ಮೊದಲ ಸಾಲು: ಗಣಪತಿ, ನೇರಲಬೈಲು.

ನೇರಲಬೈಲು ಅಮ್ಮನ ತವರು. ಲಿಂಗನಮಕ್ಕಿಗೆ ಅಣೆಕಟ್ಟು ಕಟ್ಟಿ ನೀರು ನಿಲ್ಲಿಸಿದಾಗ ಊರಿಗೆ ಊರೇ ಅದರೊಳಗೆ ಹೋಯಿತು. ಆಗ ನಾನಿನ್ನೂ ಹುಟ್ಟಿರಲಿಲ್ಲ. ಗೇಣಿ ಗದ್ದೆ ಮಾಡಿಕೊಂಡಿದ್ದ ಅಜ್ಜನ ಮನೆಯವರು ಒಂದೊಂದು ದಿಕ್ಕಿಗಾದರು, ಗಣಪತಿ ಮಾವ ಸಾಗರಕ್ಕೆ ಅಕ್ಕನ ಹತ್ತಿರ ಬಂದ. ಓರಗೆಯ ಹೆಂಗಸರು ಹಬ್ಬಕ್ಕೆ ತವರಿಗೆ ಹೊರಟಾಗ ಅಮ್ಮ ಕಾಗದ ಕತ್ತರಿಸುತ್ತಾ ಕೂರುತ್ತಿದ್ದಳು. "ನಿನ್ನ ತವರು ನಮ್ಮ ಖಾನೇಲೇ ಇದ್ಯಲ್ಲೇ, ಜೋಡಿಸ್ಕೊಂಡ್ರೆ ಬಂತು" ಎಂದು ಅಪ್ಪ ರೇಗಿಸುತ್ತಿದ್ದ. ಅಮ್ಮ ನಗುತ್ತಿದ್ದಳು, ಆದರೆ ಆ ಸಾಲನ್ನು ಜೋಡಿಸುವ ಕೆಲಸವನ್ನು ಬೇರೆ ಯಾರಿಗೂ ಬಿಡುತ್ತಿರಲಿಲ್ಲ. ಒಂದು ವರ್ಷ ಅವಳಿಗೇನು ತೋಚಿತೋ, ಆಟ ಮುಗಿದ ಮೇಲೂ ಅದನ್ನು ಬಿಚ್ಚಲಿಲ್ಲ. ಎರಡು ಪಕ್ಕಕ್ಕೂ ಮರದ ಪಟ್ಟಿ ಕೊಟ್ಟು, ಹುರಿಯಿಂದ ಬಿಗಿದು, ಕಿಟಕಿಯ ಮೇಲಿಟ್ಟಳು. "ಮೊಳೆ ಕಮ್ಮಿ ಬೀಳ್ತದೆ" ಎಂದು ಅಪ್ಪ ಗೊಣಗಿದ. "ಬಿದ್ರೆ ಬೀಳ್ಲಿ" ಎಂದಳು.

ಗಣಪತಿ ಮಾವ ತೀರ್ಥಹಳ್ಳಿ ಬಸ್ಸಿನ ಕಂಡಕ್ಟರ್. ಬಾಗಿಲಿಗೆ ಜೋತು ಬಿದ್ದು ದಿನವಿಡೀ ಊರುಗಳ ಹೆಸರು ಕೂಗುವುದೇ ಅವನ ಉದ್ಯೋಗ. ತನ್ನ ಊರನ್ನು ಮಾತ್ರ ಅವನು ಕೂಗುವಂತಿರಲಿಲ್ಲ, ಅಲ್ಲಿಗೆ ಯಾವ ಬಸ್ಸೂ ಹೋಗುತ್ತಿರಲಿಲ್ಲ. ಎದುರು ತಂಡದ ಹೆಸರುಗಳನ್ನು ಬರೆಸಿಕೊಂಡು ಬರುವವನೂ ಅವನೇ. ಒಮ್ಮೆ ಆಟದ ದಿನ ಬೆಳಿಗ್ಗೆ ಬಸ್ಸು ಕೋಣಂದೂರಿನಲ್ಲಿ ಕೆಟ್ಟು ನಿಂತಿತು. ಕಾದು ಸಾಕಾಗಿ ಅಪ್ಪ ಹಿಂದಿನ ವರ್ಷದ ಹೆಸರುಗಳನ್ನೇ ಹಾಕಿ ತುಳಿದುಬಿಟ್ಟ. ಮಧ್ಯಾಹ್ನ ಬಂದಿಳಿದ ತೀರ್ಥಹಳ್ಳಿಯವರಲ್ಲಿ ಅರ್ಧಕ್ಕರ್ಧ ಹೊಸಬರು. ಆದರೂ ಜನ ಚೀಟಿ ನೋಡಿಕೊಂಡು ಅದರಲ್ಲಿದ್ದ ಹೆಸರಿನಿಂದಲೇ ಅವರನ್ನು ಹುರಿದುಂಬಿಸಿದರು, ಪಾಪ, ಹುಡುಗರೂ ಓಗೊಟ್ಟು ಆಡಿದರು. ಬಸ್ಸು ಕೆಟ್ಟದ್ದಕ್ಕೆ ಬೈಗುಳ ತಿಂದದ್ದು ಪ್ರೆಸ್ಸು, ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಅನ್ನುವ ಹಾಗೆ.

ಎಂಬತ್ತರ ದಶಕ ಶುರುವಾಗುತ್ತಿದ್ದಂತೆ ಫುಟ್‌ಬಾಲ್ ಕ್ಲಬ್ಬಿಗೆ ಮೈಕು ಬಂತು. ಚೀಟಿ ಇನ್ನು ಬೇಕೇ ಎಂದು ತೀರ್ಮಾನಿಸಲು ಕ್ಲಬ್ಬಿನವರು ಸೇರಿದ್ದು ನಮ್ಮ ಜಗಲಿಯಲ್ಲೇ. ಅಧ್ಯಕ್ಷರು ಅಡಿಕೆ ಮಂಡಿಯವರು, ಒಳ್ಳೆಯ ಮನುಷ್ಯ. "ಆಟ ಮುಗಿದ ಮೇಲೆ ನೋಡಿದ್ರೆ ಮೈದಾನದ ತುಂಬ ಇದೇ ಬಿದ್ದಿರ್ತದೆ. ಆಡು ತಿಂತವೆ, ಕಡಲೆಕಾಯಿ ಕಟ್ತಾರೆ. ಮೈಕಲ್ಲಿ ಹೇಳಿದ್ರೆ ಊರಿಗೆಲ್ಲ ಕೇಳ್ತದೆ" ಎಂದರು. ಅವರ ಮಾತೇನೂ ಸುಳ್ಳಾಗಿರಲಿಲ್ಲ. ಕಾಫಿ ತಂದಿಟ್ಟ ಅಮ್ಮ ಒಳಗೆ ಹೋಗದೆ ಬಾಗಿಲಲ್ಲೇ ನಿಂತಳು. ಗಂಡಸರ ಸಭೆಯಲ್ಲಿ ಅವಳು ಮಾತಾಡಿದ್ದನ್ನು ನಾನು ಕಂಡದ್ದು ಅದೇ ಮೊದಲು.

"ಕೂಗಿದ್ದು ಗಾಳಿಗೆ ಹೋಗ್ತದೆ ಅಧ್ಯಕ್ಷರೇ. ಕಡಲೆಕಾಯಿ ಕಟ್ಟಿದ್ರೂ ತಿಂದಾದ್ಮೇಲೆ ಬಿಡಿಸಿ ಓದೋರು ಇರ್ತಾರೆ. ನಮ್ಮೂರಿನ ಹೆಸ್ರು ಈಗ ಇರೋದು ಆ ಚೀಟೀಲೊಂದೇ."

ಅಧ್ಯಕ್ಷರು ಕಾಫಿ ಲೋಟ ಕೆಳಗಿಟ್ಟು, "ಬೇಜಾರು ಮಾಡ್ಕೊಬೇಡಿ ಅಕ್ಕ, ಮೈಕಲ್ಲೂ ಊರು ಸೇರ್ಸೇ ಹೇಳ್ಸೋಣ" ಎಂದರು. ಅಮ್ಮ ನಂಬಿದಳು. ಅಷ್ಟೇ ಅಲ್ಲ, ಒಳಗೊಳಗೇ ಖುಷಿಯೂ ಪಟ್ಟಳು ಎಂದು ಕಾಣುತ್ತದೆ. ಹೆಂಗಸರು ಮೈದಾನಕ್ಕೆ ಹೋಗುವ ರೂಢಿ ಇರಲಿಲ್ಲ, ಈಗ ತಮ್ಮನ ಹೆಸರು, ಊರಿನ ಹೆಸರು ಹಿತ್ತಲಿನವರೆಗೂ ಕೇಳುತ್ತದಲ್ಲ.

ಮೊದಲ ಆಟದ ದಿನ ಅವಳು ಬೇಗ ಕೆಲಸ ಮುಗಿಸಿ, ತಲೆ ಬಾಚಿಕೊಂಡು, ಹಿತ್ತಲ ಬೇಲಿಯ ಹತ್ತಿರ ನಿಂತಳು. ಮೈದಾನಕ್ಕೆ ಹೊರಟಿದ್ದ ನನ್ನನ್ನೂ ಜೊತೆಗಿರಲೆಂದು ನಿಲ್ಲಿಸಿಕೊಂಡಿದ್ದಳು, ನನಗೆ ಕೋಪ. ಮೈಕಿನವನು ಶಿವಮೊಗ್ಗದಿಂದ ಬಂದವನು, ಅವನಿಗೆ ಇಲ್ಲಿಯ ಊರುಗಳ ಗುರುತಿಲ್ಲ. ಬೆನ್ನಿನ ಮೇಲಿನ ನಂಬರು ನೋಡಿ ಕೂಗುತ್ತಿದ್ದ. ಎದುರಿನವರ ಚೆಂಡನ್ನು ಮಾವ ಹಾರಿ ಹಿಡಿದಿರಬೇಕು, ಜನ ಒಮ್ಮೆಲೇ ಗಣಪತಿ ಎಂದು ಕಿರುಚಿದರು. ಯಾವ ಗಣಪತಿ ಎಂದು ಮೈಕಿನವನು ಪಕ್ಕದವರನ್ನು ಕೇಳಿದ್ದೂ ಮೈಕಿನಲ್ಲೇ ಕೇಳಿಸಿತು. "ಮುಳುಗಡೆಯವ್ನು" ಎಂದರು ಯಾರೋ. ತಕ್ಷಣ ಅವನು ಗಂಟಲೆತ್ತಿ, "ಭಲೇ ಭಲೇ! ನಮ್ಮ ಮುಳುಗಡೆ ಗಣಪತಿ!" ಎಂದ. ಮೈದಾನಕ್ಕೆ ಮೈದಾನವೇ ಅದನ್ನು ಎತ್ತಿಕೊಂಡಿತು. ಮುಳುಗಡೆ ಗಣಪತಿ, ಮುಳುಗಡೆ ಗಣಪತಿ ಎಂಬ ಕೂಗು ಚಪ್ಪಾಳೆಯ ಜೊತೆ ಮನೆಗಳ ಮೇಲಿಂದ ಹಾಯ್ದು ನಮ್ಮ ಬೇಲಿಯ ತನಕ ಬಂತು. ಅಮ್ಮ ಬೇಲಿಯ ಗೂಟ ಹಿಡಿದು ನಿಂತೇ ಇದ್ದಳು. ಆಮೇಲೆ ಒಳಗೆ ಹೋಗಿ, ಕತ್ತರಿಸಿಯೇ ಆಗಿದ್ದ ಕಾಗದವನ್ನು ಮತ್ತೆ ಜೋಡಿಸತೊಡಗಿದಳು.

ಸಂಜೆ ಮಾವ ಕೆಂಪು ಮಣ್ಣು ಮೆತ್ತಿಕೊಂಡೇ ಬಂದ. ಗೆದ್ದ ಖುಷಿ. "ಇರ್ಲಿ ಬಿಡಕ್ಕ, ಪ್ರೀತಿಗೆ ಕರೀತಾರೆ" ಎಂದ. ಅಮ್ಮ ತಟ್ಟೆ ಇಟ್ಟು, ಅನ್ನ ಬಡಿಸಿ, ಆಮೇಲೆ ಹೇಳಿದಳು: "ನಮ್ಮೂರಿನ ಹೆಸ್ರು ಮುಳುಗಡೆ ಅಲ್ಲ ಗಣಪ." ಮಾವ ತುತ್ತು ಎತ್ತಲಿಲ್ಲ. ಅಷ್ಟು ದೊಡ್ಡ ಆಳು ತಟ್ಟೆ ನೋಡುತ್ತಾ ಕೂತದ್ದನ್ನು ನೆನೆದರೆ ಈಗಲೂ ನನಗೆ ಸಂಕಟವಾಗುತ್ತದೆ.

ಹೆಸರು ಅಂಟಿಕೊಂಡಿತು. ಬಸ್ಸಿನಲ್ಲೂ ಅದೇ, ಸಂತೆಯಲ್ಲೂ ಅದೇ. ಕರೆದವರಲ್ಲಿ ಒಬ್ಬರಿಗೂ ಕೆಟ್ಟ ಮನಸ್ಸಿರಲಿಲ್ಲ, ಬೈಯಲು ಕೂಡ ಯಾರೂ ಸಿಗಲಿಲ್ಲ. ಚೀಟಿ ನಿಂತಿತು. ಕೆಲವು ವರ್ಷಗಳಲ್ಲಿ ಪ್ರೆಸ್ಸೂ ನಿಂತಿತು. ಶಿವಮೊಗ್ಗದಲ್ಲಿ ಬಣ್ಣ ಬಣ್ಣದ ಕಾರ್ಡು ಅಚ್ಚಾಗುವಾಗ ನಮ್ಮ ಟ್ರೆಡಲ್ ಯಾರಿಗೆ ಬೇಕು? ಮೊಳೆಗಳನ್ನೆಲ್ಲ ಗೋಣಿಗೆ ಸುರಿದು ತೂಕಕ್ಕೆ ಒಯ್ದರು. ಅಮ್ಮ ಹುರಿ ಕಟ್ಟಿದ್ದ ಆ ಒಂದು ಸಾಲನ್ನು ಸೀಮೆಎಣ್ಣೆ ಬಟ್ಟೆಯಲ್ಲಿ ಸುತ್ತಿ ಸೆರಗಿನೊಳಗೆ ಹಿಡಿದುಕೊಂಡು ನಿಂತಿದ್ದಳು.

ಅದೇ ದಶಕದ ಕೊನೆಗೆ ಮಾವ ಕಾಮಾಲೆಯಿಂದ ತೀರಿಕೊಂಡ. ಆಡುವುದು ಬಿಟ್ಟಿದ್ದರೂ ಬಸ್ಸು ಬಿಟ್ಟಿರಲಿಲ್ಲ, ಸಾಯುವ ವಯಸ್ಸಂತೂ ಅಲ್ಲ. ಉತ್ತರಕ್ರಿಯೆಯ ಕಾರ್ಡುಗಳನ್ನು ಕ್ಲಬ್ಬಿನವರೇ ಅಕ್ಕರೆಯಿಂದ ಶಿವಮೊಗ್ಗದಲ್ಲಿ ಮಾಡಿಸಿ ತಂದರು. ಫೋಟೋದ ಕೆಳಗೆ "ಮುಳುಗಡೆ ಗಣಪತಿ ಎಂದೇ ಎಲ್ಲರ ಪ್ರೀತಿಗೆ ಪಾತ್ರರಾದ" ಎಂದಿತ್ತು. ನಾನು ಸಿಟ್ಟಿನಿಂದ ಪೆನ್ನು ತೆಗೆದುಕೊಂಡು, "ಹೊಡೆದು ಹಾಕ್ಲಾ?" ಎಂದೆ. "ಬೇಡ. ಅವ್ರು ಪ್ರೀತಿಯಿಂದ್ಲೇ ಹಾಕ್ಸಿದ್ದು. ಕೆಳಗೆ ನಮ್ದೂ ಇರ್ಲಿ" ಎಂದಳು. ಸಾಲನ್ನು ಬಟ್ಟೆಯಿಂದ ಬಿಡಿಸಿ, ರಬ್ಬರ್ ಸ್ಟಾಂಪಿನ ಮಸಿಗೆ ಒತ್ತಿ, ಒಂದೊಂದೇ ಕಾರ್ಡಿನ ಕೆಳಗೆ ಎರಡು ಕೈಯಲ್ಲೂ ಅದುಮಿದಳು. ಗಣಪತಿ, ನೇರಲಬೈಲು. ಕೆಲವು ಓರೆಯಾದವು, ಕೆಲವು ಮಸುಕು. ಬೇಸಾಯದ ಮನೆಯ ಅಗಲ ಕೈ ಅದು. ಕಾರ್ಡುಗಳೆಲ್ಲ ಮುಗಿದ ಮೇಲೆ ಅತ್ತಳು.

ಅಮ್ಮ ಹೋದದ್ದು ಬಹಳ ವರ್ಷಗಳ ನಂತರ. ಅವಳಿಗೆ ಕಾರ್ಡು ಅಚ್ಚಾಗಲಿಲ್ಲ, ಸುದ್ದಿ ಎಲ್ಲರ ಮೊಬೈಲಿಗೆ ಹೋಯಿತು. ಸಾಗರದ ಪ್ರೆಸ್ಸಿನವರ ಮನೆಯಾಕೆ ಎಂದಷ್ಟೇ ಇತ್ತು. ಜನ ಕೈಮುಗಿದ ಚಿತ್ರ ಕಳಿಸಿದರು. ಒಂದೇ ದಿನದಲ್ಲಿ ಅದೂ ಬೇರೆ ಸುದ್ದಿಗಳ ಕೆಳಗೆ ಹೋಯಿತು.

ಭಾನುವಾರ ಫುಟ್‌ಬಾಲ್ ಹುಡುಗರು ಬಂದರು. ಚೀಟಿ ಉಳಿದಿಲ್ಲ ಎಂದು ಹೇಳಿ, ಡಬ್ಬದ ಸಾಲನ್ನು ಮಸಿಗೆ ಒತ್ತಿ, ಬಿಳಿಯ ಹಾಳೆಯ ಮೇಲೆ ಅಮ್ಮನ ಹಾಗೆ ಅದುಮಿ ಕೊಟ್ಟೆ. ಅಂಚು ಸವೆದಿದೆ, ಓದಲು ಬರುತ್ತದೆ. ಅವರಲ್ಲಿ ಗೋಲು ಕಾಯುವ ಹುಡುಗ ಅದನ್ನು ಗಟ್ಟಿಯಾಗಿ ಓದಿ, "ನೇರಲಬೈಲು... ಎಲ್ಲಿ ಬರ್ತದೆ ಮೇಡಂ ಇದು?" ಎಂದ. ಅಮ್ಮ ಸತ್ತ ಮೇಲೆ ಆ ಹೆಸರನ್ನು ಬೇರೊಬ್ಬರ ಬಾಯಲ್ಲಿ ಕೇಳಿದ್ದು ಅದೇ ಮೊದಲು. ಇನ್ನೊಬ್ಬ ಮೊಬೈಲ್ ತೆಗೆದು ಹುಡುಕಿ, "ಮ್ಯಾಪಲ್ಲಿ ಇಲ್ವಲ್ಲ" ಎಂದ.

"ಇಲ್ಲ," ಎಂದೆ. "ಅಚ್ಚು ಹಾಕ್ಸಿ. ಊರು ಸೇರಿಸಿ ಹಾಕ್ಸಿ."

ಗೋಲಿನ ಹುಡುಗ ಹಾಳೆಯನ್ನು ಮಡಚಲು ಹೋಗಿ, ಮಸಿ ಹಸಿಯಿದ್ದದ್ದು ಕಂಡು, ಅದು ಒಣಗುವ ತನಕ ಅಂಗೈ ಮೇಲೆ ಹಿಡಿದುಕೊಂಡು ಕೂತ.